ನಿಲ್ಲಿಸಿ ಎಂದರೂ ನಿಲ್ಲದ ಪೊರಕೆ

"ನೋಡದೇ ಒತ್ತಿಬಿಟ್ಟೆ ಅಂತ ಒಪ್ಕೋತೀನಿ ಆಪಾ. ಅಷ್ಟಾದ್ರೆ ಸಾಕಲ್ವಾ?"

ಇದನ್ನು ಹೇಳುವಾಗ ಅಕೀಲಾ ಎದುರಿಗಿದ್ದವಳ ಮುಖ ನೋಡಲಿಲ್ಲ. ನೈಮೆಗನ್‌ನ ಆ ಒಂಟಿ ಕೋಣೆಯ ಕಿಟಕಿಯಿಂದ ಡಚ್ಚರ ನಾಡಿನ ವಾಲ್ ನದಿಯ ಒಂದು ತುಂಡು ಕಾಣುತ್ತಿತ್ತು. ಅವಳ ಕಣ್ಣು ಅಲ್ಲಿತ್ತು.

ಜವೇರಿಯಾ ಮಾಸ್ಕ್ ತೆಗೆದು ಮೇಜಿನ ಮೇಲಿಟ್ಟಳು. ಹಾರ್ಲೆಮ್‌ನಿಂದ ಬೆಳಗಿನ ಖಾಲಿ ರೈಲು ಹಿಡಿದು, ಬಿಳಿಗಲ್ಲೂರಿನ ರಾಜಮ್ಮ ಟೀಚರ್ ಕೇಳಿಕೊಂಡರೆಂದು ಬಂದವಳು. ಬ್ಯಾಂಕೊಂದರಲ್ಲಿ ಮೋಸದ ವ್ಯವಹಾರ ಪತ್ತೆಹಚ್ಚುವುದು ಅವಳ ಉದ್ಯೋಗ. ಆ ಉದ್ಯೋಗ ಕಲಿಸಿದ್ದು ಇಷ್ಟು: ತಪ್ಪು ಮಾಡದವರು ಸಿಟ್ಟಾಗುತ್ತಾರೆ, ಮಾಡಿದವರು ವಾದಿಸುತ್ತಾರೆ. ಈ ಹುಡುಗಿ ಎರಡನ್ನೂ ಮಾಡುತ್ತಿಲ್ಲ. ಶಿಕ್ಷೆಯನ್ನು ಕೈನೀಡಿ ಕೇಳುತ್ತಿದ್ದಾಳೆ.

"ಸಾಕೋ ಸಾಲದೋ ಆಮೇಲೆ ನೋಡೋಣ. ಮೊದಲು ಲ್ಯಾಪ್‌ಟಾಪ್ ತೆಗಿ. ಒತ್ತೋದು ಅಂದ್ರೆ ಏನು ಅಂತ ತೋರಿಸು."

ಭಾನುವಾರ ಆದದ್ದು ಇದು. 'ಎಲ್ಲರಕೋಶ' ಎಂಬ ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅಲ್ಲಿನ ಹತ್ತಾರು ಊರುಗಳ ಪುಟಗಳಲ್ಲಿ ಒಂದೇ ವಾಕ್ಯ ಬದಲಾಗಿತ್ತು. "ಕೈಗವಸು, ಮುಖಗವಸು ಕೊಡದೆ ದುಡಿಸಿಕೊಂಡದ್ದರಿಂದ ಸೋಂಕು ತಗಲಿ ತೀರಿಕೊಂಡ ಪೌರಕಾರ್ಮಿಕರು" ಎಂದಿದ್ದ ಕಡೆಯಲ್ಲೆಲ್ಲ "ಅನಾರೋಗ್ಯದಿಂದ ತೀರಿಕೊಂಡ ಪೌರಕಾರ್ಮಿಕರು" ಎಂದಾಗಿತ್ತು. ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಒಂದೇ ಷರಾ: ಕಾಗುಣಿತ ಸರಿಪಡಿಸಲಾಗಿದೆ.

ಅನಾರೋಗ್ಯ. ಎಷ್ಟು ತಣ್ಣಗಿನ ಪದ. ಅದರೊಳಗೆ ಗುತ್ತಿಗೆದಾರನಿಲ್ಲ, ಮುನಿಸಿಪಾಲಿಟಿಯಿಲ್ಲ, ಕೊಡದೇ ಹೋದ ಕೈಗವಸಿಲ್ಲ. ಸತ್ತವನ ಮೈಯೇ ಅಪರಾಧಿ.

ತಿದ್ದುಪಡಿಗಳೆಲ್ಲ ಬಂದದ್ದು 'ಅಕೀಲಾಪೊರಕೆ' ಎಂಬ ಖಾತೆಯಿಂದ. ಇವತ್ತು ಸಂಜೆ ಆರಕ್ಕೆ ಕೋಶದ ನಿರ್ವಾಹಕರು ಪರದೆಯ ಮೇಲೆ ಸೇರುವವರಿದ್ದರು. ಅವರ ಮುಂದಿದ್ದ ಪ್ರಸ್ತಾಪ ಚಿಕ್ಕದು: ಅಕೀಲಾಗೆ ಶಾಶ್ವತ ಬಹಿಷ್ಕಾರ, ಪೊರಕೆ ಖಾತೆ ಈ ಚಳಿಗಾಲದಲ್ಲಿ ಮಾಡಿದ ಸಮಸ್ತ ಕೆಲಸವೂ ಒಂದೇ ಏಟಿಗೆ ವಾಪಸ್.

ಆ ಸಮಸ್ತ ಕೆಲಸದೊಳಗೆ ಸತ್ತ ಪೌರಕಾರ್ಮಿಕರ ಹೆಸರುಗಳೂ ಇದ್ದವು. ಯಾವ ಪತ್ರಿಕೆಯೂ ಅಚ್ಚು ಹಾಕದ ಹೆಸರುಗಳು. ರಾಜಮ್ಮ ಟೀಚರಂಥ ಊರೂರಿನ ಸ್ವಯಂಸೇವಕರು ಮನೆಬಾಗಿಲಿಗೆ ಹೋಗಿ ಕೇಳಿ ಕಳಿಸಿದವನ್ನು ಒಂದೊಂದೇ ಪುಟಕ್ಕೆ ಸೇರಿಸಿದವಳು ಇದೇ ಅಕೀಲಾ. ಸಂಜೆಗೆ ಅವೂ ಹೋಗುತ್ತವೆ.

ಅಕೀಲಾ ಪುಟ ತಿದ್ದುವ ಟೂಲ್ ತೆರೆದಳು. ಪರದೆ ಎರಡು ಹೋಳಾಯಿತು. ಎಡಕ್ಕೆ ಹಳೆಯ ಸಾಲು, ಬಲಕ್ಕೆ ಹೊಸದು, ಬದಲಾದ ಅಕ್ಷರಕ್ಕೆ ಹಳದಿ ಬಣ್ಣ.

"ಸ್ಕ್ರಿಪ್ಟು ಪುಟ ಹುಡುಕಿ ತರತ್ತೆ, ತಿದ್ದಿ ಮುಂದಿಡತ್ತೆ. ಆದ್ರೆ ಉಳಿಸೋದು ನಾನು. ಪ್ರತಿ ಸಲ ಕಣ್ಣಲ್ಲಿ ನೋಡಿ, ಸರಿ ಇದ್ರೆ ಮಾತ್ರ ಈ ಬಟನ್. ಟೂಲ್ ಮಾಡ್ತು, ನಾನಲ್ಲ ಅಂತ ಹೇಳೋ ಹಾಗೇ ಇಲ್ಲ. ಟೂಲ್ ಕೈಗೆ ತಗೊಳ್ಳೋವಾಗ್ಲೇ ಅದನ್ನ ಒಪ್ಕೊಂಡಿರ್ತೀವಿ."

"ಅದಕ್ಕೊಂದು ಬೇರೆ ಖಾತೆ ಯಾಕೆ?"

"ನೂರಾರು ಪುಟ ಗುಡಿಸೋವಾಗ ಬೇರೆಯವರ ಕಣ್ಣಿಗೆ ಧೂಳು ಹೋಗಬಾರದಲ್ಲ. ಪೊರಕೆ ಮಾಡಿದ್ದು ಇತ್ತೀಚಿನ ಬದಲಾವಣೆಗಳ ಪಟ್ಟೀಲಿ ಎಲ್ಲರಿಗೂ ಕಾಣಲ್ಲ. ನಂಬಿಕೆ ಮೇಲೆ ಕೊಡೋದು."

"ಅಂದ್ರೆ ಯಾರೂ ಕಾಯದ ಹಿತ್ತಿಲ ಬಾಗಿಲು."

"ಹ್ಞೂಂ."

"ಸರಿ. ನೀನು ಕೆಲಸ ಮಾಡು, ನಾನು ನೋಡ್ತೀನಿ. ಉಳಿಸಬೇಡ, ಉಳಿಸೋ ಹಾಗೆ ಮಾಡು."

ಪುಟಗಳು ಬಂದು ಹೋಗತೊಡಗಿದವು. ಆಸ್ಪತ್ರೆ, ವಿದ್ಯಾರ್ಥಿ, ಅಧ್ಯಕ್ಷ, ತಪ್ಪು ಬರೆದವೆಲ್ಲ ಸರಿಯಾಗಿ ಕಾಣಿಸಿಕೊಂಡವು. ಅಕೀಲಾಳ ಕಣ್ಣು ಎಡದಿಂದ ಬಲಕ್ಕೆ ಹೋಗಿ ಬರುತ್ತಿತ್ತು. ಒಂದು ಕಡೆ ಕೈ ನಿಂತಿತು.

"ಇದು ಬೇಡ."

"ಯಾಕೆ? ಸ್ಪೆಲಿಂಗ್ ತಪ್ಪಿದೆಯಲ್ಲ."

"ವೀರಗಲ್ಲಿನ ಸಾಲು ಆಪಾ. ಕೆತ್ತಿದವನು ಹಾಗೇ ಕೆತ್ತಿದ್ದಾನೆ. ಅದನ್ನ ನಾವು ತಿದ್ದೋ ಹಾಗಿಲ್ಲ."

"ಎಂದೋ ಸತ್ತ ಕಲ್ಲುಕುಟಿಗನಿಗೆ ಇಷ್ಟು ಮರ್ಯಾದೆ ಕೊಡೋಳು ಭಾನುವಾರ ಕುರುಡಿಯಾಗಿ ಕೂತಿದ್ಯಾ?"

ಅಕೀಲಾ ಆ ಪುಟ ದಾಟಿಸಿದಳು. ಮುಂದಿನ ಪುಟ ಬಂತು, ಅದರ ಮುಂದಿನದು ಬಂತು.

ಜವೇರಿಯಾ ತನ್ನ ಫೋನ್ ತೆಗೆದು, ಎಲ್ಲರಕೋಶದಲ್ಲಿ ಪೊರಕೆ ಖಾತೆಯ ಚರ್ಚಾಪುಟ, ಎಂದರೆ ಖಾತೆಯವರಿಗೆ ಯಾರು ಬೇಕಾದರೂ ಮಾತು ಬರೆದಿಡುವ ಪುಟ, ತೆರೆದು, "ಚಹಾ ಕೊಡ್ತೀಯಾ?" ಎಂದು ಬರೆದು ಕಳಿಸಿದಳು.

ಟೂಲ್ ನಿಂತಿತು. ಪರದೆಯ ನೆತ್ತಿಯಲ್ಲಿ ಕೆಂಪು ಪಟ್ಟಿ. ಅಕೀಲಾ ಬಟನ್ ಒತ್ತಿದರೂ ಮುಂದೆ ಹೋಗಲಿಲ್ಲ.

"ಏನಾಯ್ತು ಇದಕ್ಕೆ?"

"ಯಾರೋ ನನ್ನ ಚರ್ಚಾಪುಟದಲ್ಲಿ ಬರೆದಿದ್ದಾರೆ." ಅವಳ ದನಿ ಇಳಿಯಿತು. "ನೀವಾ?"

"ಬರೆದ್ರೆ ಯಾಕೆ ನಿಲ್ಲಬೇಕು?"

"ಏನೋ ತಪ್ಪಾಗ್ತಿದೆ ಅಂತ ಹೇಳೋಕೆ ಬಂದಿರ್ಬಹುದಲ್ಲ. ಅದನ್ನ ನಾನು ಓದೋವರ್ಗೂ ಟೂಲ್ ಮುಂದೆ ಹೋಗಲ್ಲ."

"ನಿಲ್ಲದ ಹಾಗೆ ಮಾಡ್ಬಹುದಾ?"

"ಈ ಟೂಲಲ್ಲಿ ಆಗಲ್ಲ. ಟೂಲ್ ಮಾಡಿದವರು ಆ ದಾರೀನೇ ಇಟ್ಟಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ತಾನೇನು ಹೇಳಿದೆನೆಂದು ಅವಳಿಗೆ ತಿಳಿದುಹೋಗಿತ್ತು.

ಜವೇರಿಯಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಭಾನುವಾರ ರಾಜಮ್ಮ ಟೀಚರ್ ಬಿಳಿಗಲ್ಲೂರಿಂದ ಇದೇ ಜಾಗದಲ್ಲಿ ಬರೆದಿದ್ದಾರೆ. 'ಅಕೀಲಾ, ಏನಮ್ಮ ಇದು, ನಿಲ್ಲಿಸು' ಅಂತ. ಅವರು ಬರೆದ ಮೇಲೂ ಊರಿನ ಮೇಲೆ ಊರು ಬದಲಾಗಿದೆ. ನಿನ್ನ ಟೂಲ್ ಆಗಿದ್ರೆ ಅಲ್ಲೇ ನಿಲ್ಲಬೇಕಿತ್ತು. ನಿಂತಿಲ್ಲ. ಯಾರೋ ತಮ್ಮದೇ ಸ್ಕ್ರಿಪ್ಟ್ ಬರೆದು, ನಿನ್ನ ಖಾತೆಗೆ ಕೈ ಹಾಕಿ, ನಿನ್ನ ಷರಾ ಅಂಟಿಸಿದ್ದಾರೆ. ಕೋಡ್ ಚೆನ್ನಾಗಿ ಗೊತ್ತಿರೋರು. ಕೋಶದ ನಡವಳಿಕೆ ಗೊತ್ತಿಲ್ಲದೋರು."

"ಬಿಟ್ಬಿಡಿ ಆಪಾ."

"ಪಾಸ್‌ವರ್ಡ್ ಯಾರಿಗೆ ಕೊಟ್ಟೆ?"

"ಬಿಟ್ಬಿಡಿ ಅಂದ್ನಲ್ಲ. ನನ್ನನ್ನ ಹೊರಗೆ ಹಾಕ್ಲಿ. ನಾನು ಥೀಸಿಸ್ ಬರ್ಕೊಂಡಿರ್ತೀನಿ."

"ರಾಜಮ್ಮ ಟೀಚರ್ ನನ್ನ ಕಳಿಸಿದ್ದು ನಿನ್ನ ಥೀಸಿಸ್ ಬರೆಸೋಕಲ್ಲ. ಆ ಹೆಸರು ತರೋಕೆ ಅವರು ಲಾಕ್‌ಡೌನಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಮನೆ ಮನೆಗೆ ಹೋಗಿದ್ರು. ಸಂಜೆ ಅದು ಅಳಿಸಿಹೋದ್ರೆ ಆಯಮ್ಮನಿಗೆ ನೀನು ಫೋನ್ ಮಾಡಿ ಹೇಳ್ತೀಯ?"

ಅಕೀಲಾ ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚಿದ ಲ್ಯಾಪ್‌ಟಾಪಿಗೇ ಹೇಳುವಂತೆ ಹೇಳಿದಳು.

"ಜನವರಿಲಿ ನನಗೆ ಕೊರೊನಾ ಬಂದಿತ್ತು. ಕೆಲಸ ಅರ್ಧಕ್ಕೆ ನಿಂತಿತ್ತು. ಪ್ರಭುದೇವ ಸರ್‌ಗೆ ಕೊಟ್ಟೆ."

ಒಬ್ಬರ ಖಾತೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂಬುದು ಕೋಶದ ಮೊದಲ ಪಾಠ. ಕೊಟ್ಟವಳಿಗೂ ಶಿಕ್ಷೆ, ತೆಗೆದುಕೊಂಡವನಿಗೂ ಶಿಕ್ಷೆ.

ತೆಗೆದುಕೊಂಡವನು ಕೋಶದ ನಿರ್ವಾಹಕ. ಸಂಜೆಯ ಪ್ರಸ್ತಾಪ ಬರೆದವನೂ ಅವನೇ.

*

ಐಂಡ್ಹೋವನ್ ಕಡೆಯ ರೈಲಿನಲ್ಲಿ ಒಂದು ಬೋಗಿಗೆ ಇಬ್ಬರು ಮೂವರು. ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ಜವೇರಿಯಾ ಫೋನಿನಲ್ಲಿ ಬಿಳಿಗಲ್ಲೂರಿನ ಪುಟ ತೆರೆದಳು.

ಕೋಟೆಯ ಬಗ್ಗೆ ಉದ್ದದ ಒಂದು ಭಾಗ. ಊರಿನಿಂದ ಗೆದ್ದು ಹೋದ ಶಾಸಕರ ಬಗ್ಗೆ ಇನ್ನೂ ಉದ್ದ. ಕೊನೆಯಲ್ಲಿ, ಎಲ್ಲರೂ ಓದುವುದು ನಿಲ್ಲಿಸುವ ಜಾಗದಲ್ಲಿ, ಒಂದು ಸಾಲು: ಹಾಲಪ್ಪ, ಕೋಟೆಬೀದಿ ಚರಂಡಿ. ರುಕ್ಮಿಣಿ, ಸಂತೆಮಾಳ. ಗೋವಿಂದರಾಜು, ಕ್ವಾರಂಟೈನ್ ಕೇಂದ್ರದ ಕಸದ ಗಾಡಿ.

ಗುತ್ತಿಗೆ ಕಂಪನಿ ಇವರು ನಮ್ಮ ಹಾಜರಿಯಲ್ಲೇ ಇಲ್ಲ ಎಂದು ಹೇಳಿ ಕೈತೊಳೆದುಕೊಂಡಿತ್ತು. ಇಡೀ ಊರು ಬಾಗಿಲು ಹಾಕಿಕೊಂಡು ಒಳಗೆ ಕೂತಾಗ ಊರಿನ ಉಗುಳು ಬಳಿದವರು ಹಾಜರಿಯಲ್ಲಿಲ್ಲ. ಚಪ್ಪಾಳೆ ತಟ್ಟಿಸಿಕೊಂಡರು, ದೀಪ ಹಚ್ಚಿಸಿಕೊಂಡರು, ಕೈಗವಸು ಮಾತ್ರ ಕೇಳಬಾರದಾಗಿತ್ತು. ಬದುಕಿದ್ದಾಗ ಎಲ್ಲೂ ದಾಖಲಾಗದವರಿಗೆ ಸತ್ತ ಮೇಲೆ ಒಂದು ಸಾಲು ಸಿಕ್ಕಿತ್ತು. ಆ ಸಾಲಿನ ಮೇಲೂ ಯಾರದೋ ಕಣ್ಣು.

ವೆಲ್ಡ್‌ಹೋವನ್‌ನ ಬಸ್ಸಿಳಿದು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಇಟ್ಟಿಗೆ ಮನೆಗಳ ಸಾಲಿನಲ್ಲಿ ನಂಬರು ಹುಡುಕಿ ಅವಳು ಗಂಟೆ ಒತ್ತಿದಳು.

ಬಾಗಿಲು ತೆರೆದದ್ದು ಇಳಕಲ್ ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟ ಹೆಂಗಸು. ಪ್ರಭುದೇವನ ತಾಯಿ ಸಾವಿತ್ರವ್ವ. ಮೂರು ತಿಂಗಳಿಗೆಂದು ಬಂದವರು, ವಿಮಾನ ನಿಂತು ಇಲ್ಲೇ ಉಳಿದುಬಿಟ್ಟಿದ್ದರು.

"ದಿನಕ್ಕ ಒಬ್ಬರನ್ನ ಅಷ್ಟ ಮನಿಯಾಗ ಕರ್ಕೋಬೇಕಂತ ಇಲ್ಲಿ ಸರಕಾರದವರು ಹೇಳ್ಯಾರವಾ. ಇವತ್ತಿನ ಒಬ್ಬಾಕಿ ನೀನ ಆಗು, ಬಾ. ಮಂದಿ ಮಾರಿ ನೋಡಿ ಎಷ್ಟ ದಿನಾತು."

"ಪ್ರಭುದೇವ ಅವರು ಇದ್ದಾರಾ ಅಮ್ಮಾ?"

"ಎಲ್ಲಿಗ್ ಹೋಗ್ತಾನ. ಇಬ್ರೂ ಮನಿಯಾಗ ಕೂತ ದುಡೀತಾರ. ಇಂವ ಕೆಳಗ, ಸೊಸಿ ಮ್ಯಾಲ. ಆಕಿ ಮೀಟಿಂಗ್ ಮುಗಿಯೂದ ಇಲ್ಲ. ಆ ಯಂತ್ರಕ್ಕೂ ಬಾಯಿ ನೋಯ್ತಿರಬೇಕು."

ಮೇಲಿನಿಂದ ಇಂಗ್ಲಿಷಿನಲ್ಲಿ ಮಾತಾಡುವ ಹೆಣ್ಣುದನಿ ಸಣ್ಣಗೆ ಕೇಳುತ್ತಿತ್ತು. ಪ್ರಭುದೇವನ ಹೆಂಡತಿ ವೈಶಾಲಿ, ಕಂಪ್ಯೂಟರ್ ಚಿಪ್ ತಯಾರಿಸುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವವಳು.

ಪ್ರಭುದೇವ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರವಿಕೊಂಡು ಕೂತಿದ್ದ. ಬಂದವಳನ್ನು ನೋಡಿ ಎದ್ದ, ಒಂದೂವರೆ ಮೀಟರ್ ಅಂತರದ ನಿಯಮ ನೆನಪಾಗಿ ಹಿಂದೆ ಸರಿದ.

"ಮೀಟಿಂಗ್ ಆರಕ್ಕೆ. ರಾಜಮ್ಮ ಟೀಚರ್ ಹೇಳಿದ್ರು ಅಂತ ಲಿಂಕ್ ನಿಮಗೂ ಕಳ್ಸಿದ್ದೆನಲ್ಲ."

"ಆರಕ್ಕೆ ನೀವು ಅಳಿಸ್ತೀರ. ಅದಕ್ಕೆ ಮುಂಚೆ ಬಂದೆ."

"ನಾನು ಅಳಿಸಲ್ಲ ಮೇಡಂ. ನಿಯಮ ಅಳಿಸುತ್ತೆ."

"ನಿಯಮಕ್ಕೆ ಕೈ ಇದೆಯಾ? ಯಾರದೋ ಒಬ್ಬರ ಕೈ ತಾನೇ ಬಟನ್ ಒತ್ತೋದು."

ಸಾವಿತ್ರವ್ವ ಚಹಾ ತಂದಿಟ್ಟು, ಹೋಗದೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು.

"ಅಕೀಲಾ ಪಾಸ್‌ವರ್ಡ್ ನಿಮಗೆ ಕೊಟ್ಟಿದ್ಲು," ಎಂದಳು ಜವೇರಿಯಾ.

ಪ್ರಭುದೇವನ ಕೈ ಚಹಾದ ಕಪ್ಪಿನವರೆಗೆ ಹೋಗಿ ನಿಂತಿತು. ಇಲ್ಲವೆನ್ನಲಿಲ್ಲ.

"ಕೊಟ್ಟಿದ್ಲು. ಆಕಿ ಉಸಿರು ಎಳೀತಾ ಫೋನ್ ಮಾಡಿದ್ಲು, ಕೆಲಸ ನಿಲ್ಲಬಾರದು ಅಂತ. ನಾಲ್ಕಾರು ಊರು ಮುಗಿಸಿ ಬಿಟ್ಟೆ. ಆಮೇಲೆ ಮುಟ್ಟಿಲ್ಲ."

"ಅದು ನಿಮ್ಮ ಪ್ರಸ್ತಾಪದಲ್ಲಿ ಕಾಣ್ಲಿಲ್ಲ."

"ಬರೆದ್ರೆ ನಿರ್ವಾಹಕನ ಕೆಲಸ ಹೋಗುತ್ತೆ."

"ಅವಳದು ಹೋದ್ರೆ ಪರವಾಗಿಲ್ಲ."

ಅವನ ಕಿವಿ ಕೆಂಪಾಯಿತು. "ನೋಡ್ರಿ, ನಾನು ಮಾಡಿಲ್ಲ. ಭಾನುವಾರ ಇಡೀ ಮಧ್ಯಾಹ್ನ ಅವ್ವನ ಕೂಡ ಹೊರಗೆ ವಾಕಿಂಗ್ ಹೋಗಿದ್ದೆ. ಕೇಳ್ರಿ ಬೇಕಾದ್ರೆ."

"ಹೌದವಾ," ಎಂದರು ಸಾವಿತ್ರವ್ವ. "ಕೆರಿ ಸುತ್ತ ಅಡ್ಡಾಡಿಸಿ ಮಣಕಾಲು ತಗದ."

"ನೀವು ಮಾಡಿದ್ರಿ ಅಂತ ನಾನು ಹೇಳ್ಲಿಲ್ಲ. ನೀವಾಗಿದ್ರೆ ಚರ್ಚಾಪುಟದಲ್ಲಿ ಮಾತು ಬಂದ ಕೂಡಲೇ ನಿಲ್ಲಿಸ್ತಿದ್ರಿ. ಆ ಅಭ್ಯಾಸ ನಿಮ್ಮ ಮೈಯಲ್ಲಿದೆ. ಮಾಡಿದವರಿಗೆ ಆ ಅಭ್ಯಾಸ ಇಲ್ಲ." ಜವೇರಿಯಾ ಚಹಾ ಮುಟ್ಟದೆ ಮುಂದಕ್ಕೆ ಬಾಗಿದಳು. "ನನ್ನ ಪ್ರಶ್ನೆ ಬೇರೆ. ಬಚ್ಚಿಟ್ಟು ಮಾಡೋ ಕೆಲಸ ಆಗಿದ್ರೆ ವಾರಕ್ಕೊಂದು ಊರು ತಿದ್ದಬಹುದಿತ್ತು. ಪೊರಕೆ ಖಾತೆ ಕಡೆ ಯಾರೂ ನೋಡಲ್ಲ. ಆದ್ರೆ ಇವರು ಎಲ್ಲಾ ಒಂದೇ ಸಲ ತಿದ್ದಿದ್ದಾರೆ. ಅದೂ ಬಿಳಿಗಲ್ಲೂರಿಂದ ಶುರು ಮಾಡಿ. ರಾಜಮ್ಮ ಟೀಚರ್ ಆ ಪುಟನ ದಿನಾ ತೆಗೆದು ನೋಡ್ತಾರೆ ಅಂತ ಕೋಶದಲ್ಲಿ ಗೊತ್ತಿಲ್ಲದವರು ಯಾರು?"

"ಯಾರೂ ಇಲ್ಲ."

"ಅಂದ್ಮೇಲೆ ಸಿಕ್ಕಿಬೀಳೋದಕ್ಕೇ ಮಾಡಿದ್ದು."

ಪ್ರಭುದೇವ ಹುಬ್ಬು ಗಂಟಿಕ್ಕಿದ. "ಸಿಕ್ಕಿಬಿದ್ರೆ ಏನು ಲಾಭ?"

"ಸಿಕ್ಕಿಬಿದ್ರೆ ನೀವೇನು ಮಾಡ್ತೀರ?"

"ಖಾತೆ ಮುಚ್ಚಿ, ಅದು ಮಾಡಿದ್ದೆಲ್ಲ..." ಅಲ್ಲಿಗೆ ಅವನ ಮಾತು ತುಂಡಾಯಿತು.

"ಹೇಳ್ಬಿಡಿ."

"ಅದು ಮಾಡಿದ್ದೆಲ್ಲ ವಾಪಸ್."

"ಅವರಿಗೆ ಆ ವಾಕ್ಯ ಬದಲಾಗೋದು ಮುಖ್ಯ ಆಗಿರ್ಲಿಲ್ಲ. ಹೆಸರು ಹೋಗಬೇಕಾಗಿತ್ತು. ಅದನ್ನ ತಾವೇ ಅಳಿಸಿದ್ರೆ ಜಗಳ ಆಗತ್ತೆ. ನಿಮ್ಮ ಕೈಲಿ ಅಳಿಸಿದ್ರೆ ನಿಯಮ ಪಾಲನೆ ಆಗತ್ತೆ. ಒಂದು ಸಣ್ಣ ಕೊಳಕು ಮಾಡಿ ನಿಮ್ಮ ಕೈಗೆ ದೊಡ್ಡ ಪೊರಕೆ ಕೊಟ್ಟಿದ್ದಾರೆ."

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ, ಒರೆಸುತ್ತಲೇ ಇದ್ದ.

"ವಾಪಸ್ ಹೋದ ಮೇಲೆ ಬೇಕಾದವರು ಮತ್ತೆ ಸೇರಿಸಬಹುದಲ್ಲ," ಎಂದ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

"ಸೇರಿಸಬಹುದಾ?"

"ಇಲ್ಲ," ಎಂದು ತಾನೇ ಉತ್ತರ ಕೊಟ್ಟ. "ಹೋದ ತಿಂಗಳು ಆಧಾರದ ನಿಯಮ ಬಿಗಿ ಮಾಡಿದ್ವಿ. ಪತ್ರಿಕೆ, ಪುಸ್ತಕ, ಸರಕಾರಿ ಆದೇಶ. ಇವಷ್ಟೇ ಆಧಾರ. ಹಳೇದು ಇದ್ದಂಗೆ ಇರುತ್ತೆ. ಒಮ್ಮೆ ತೆಗೆದದ್ದು ಮತ್ತೆ ಬರಬೇಕಾದ್ರೆ ಆಧಾರ ತೋರಿಸಬೇಕು."

"ಪತ್ರಿಕೆ ಬರೀಲಿಲ್ಲ ಅಂದ್ರೆ ಅವರು ಸತ್ತೇ ಇಲ್ಲ."

"ನಾನು ಹಂಗಂದಿಲ್ಲ."

"ನಿಮ್ಮ ನಿಯಮ ಹಂಗನ್ನತ್ತೆ. ಶಾಸಕರು ಟೇಪು ಕತ್ತರಿಸಿದ್ದಕ್ಕೆ ಹತ್ತು ಪತ್ರಿಕೆ ಆಧಾರ. ಹಾಲಪ್ಪ ಚರಂಡಿಗೆ ಇಳಿದು ಬಂದು ಜ್ವರದಲ್ಲಿ ಸತ್ತದ್ದಕ್ಕೆ ಅವನ ಹೆಂಡತಿ ಬಾಯಿ ಒಂದೇ ಆಧಾರ. ಅವಳ ಬಾಯನ್ನ ಎಲ್ಲರಕೋಶ ನಂಬಲ್ಲ. ಯಾರು ಆ ಎಲ್ಲರು?"

ಪ್ರಭುದೇವ ಕನ್ನಡಕ ಹಾಕಿಕೊಳ್ಳದೆ ಕೂತ.

"ಪ್ರಭೂ," ಎಂದರು ಬಾಗಿಲ ಹತ್ತಿರದಿಂದ ಸಾವಿತ್ರವ್ವ. "ನಿಮ್ಮಪ್ಪ ಸತ್ತಾಗ ಯಾ ಪೇಪರ್‌ನ್ಯಾಗ ಬಂದಿತ್ತು?"

ಅವನು ತಾಯಿಯ ಕಡೆ ತಿರುಗಲಿಲ್ಲ. ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡ.

"ಸಂಜೆ ಮೀಟಿಂಗ್‌ನಾಗ ಪ್ರಸ್ತಾಪ ವಾಪಸ್ ತಗೋತೀನಿ. ಭಾನುವಾರದ್ದಷ್ಟೇ ಸರಿ ಮಾಡೋಣ, ಹೆಸರು ಮುಟ್ಟೂದು ಬ್ಯಾಡ. ಪಾಸ್‌ವರ್ಡ್ ವಿಷಯಾನೂ ನಾನೇ ಹೇಳ್ತೀನಿ. ನಿರ್ವಾಹಕ ಕೆಲಸ ಹೋದ್ರೆ ಹೋಗ್ಲಿ."

ಜವೇರಿಯಾ ಆಗ ಚಹಾದ ಕಪ್ಪು ಎತ್ತಿದಳು. ಮನೆ ಬಹಳ ನಿಶ್ಶಬ್ದವಾಗಿದೆ ಅನ್ನಿಸಿತು. ಮೇಲಿನ ಇಂಗ್ಲಿಷ್ ಮಾತು ಯಾವಾಗ ನಿಂತಿತೋ ಅವಳು ಗಮನಿಸಿರಲಿಲ್ಲ.

"ಇದೇನಿದು?" ಎಂದ ಪ್ರಭುದೇವ.

ಅವನ ಪರದೆಯಲ್ಲಿ ಎಲ್ಲರಕೋಶದ ಬದಲಾವಣೆಗಳ ಸಾಲು ಮೇಲಿನಿಂದ ಕೆಳಕ್ಕೆ ಜಾರತೊಡಗಿತ್ತು. ತೊರೆಪೇಟೆ, ಪೊರಕೆ ಖಾತೆಯ ಕೆಲಸ ವಾಪಸ್. ಹೊಸಕೆರೆಪುರ, ವಾಪಸ್. ಕಲ್ಲುಬಾವಿ, ವಾಪಸ್. ಒಂದು ಓದುವಷ್ಟರಲ್ಲಿ ಇನ್ನೊಂದು.

ಜವೇರಿಯಾ ಎದ್ದು ಅವನ ಹಿಂದೆ ಬಂದಳು. ಒಂದೂವರೆ ಮೀಟರ್ ಇಬ್ಬರಿಗೂ ಮರೆತುಹೋಗಿತ್ತು.

ಪ್ರತಿ ಸಾಲಿನ ತುದಿಯಲ್ಲೂ ಮಾಡಿದವರ ಹೆಸರಿತ್ತು: ಪ್ರಭುದೇವ.

ಅವನ ಎರಡೂ ಕೈ ಮೇಜಿನ ಮೇಲಿದ್ದವು, ಕೀಲಿಮಣೆಯಿಂದ ದೂರದಲ್ಲಿ.

"ನಾನಲ್ಲ. ನೀವ ನೋಡಾಕತ್ತೀರಲ್ಲ, ನಾನಲ್ಲ."

"ನೋಡ್ತಿದೀನಿ." ಅವಳಾಗಲೇ ಫೋನ್ ತೆಗೆದು ಅವನ ಚರ್ಚಾಪುಟದಲ್ಲಿ 'ನಿಲ್ಲಿಸಿ' ಎಂದು ಬರೆದಿದ್ದಳು. ಕಳಿಸಿದಳು. ಕಾದಳು.

ನಿಲ್ಲಲಿಲ್ಲ. ಮತ್ತೊಂದು ಊರು. ಮತ್ತೊಂದು.

"ಅದೇ ಸ್ಕ್ರಿಪ್ಟ್," ಎಂದಳು. "ಮಾತು ಕೇಳದ ಸ್ಕ್ರಿಪ್ಟ್. ನೀವು ನಿರ್ವಾಹಕರಲ್ವಾ, ಈ ಖಾತೆನ ತಡೆಯಿರಿ."

"ನನ್ನ ಖಾತೆನ ನಾನೇ?"

"ಬೇರೆ ಯಾರು ತಡೀತಾರೆ ಈಗ?"

ಅವನು ಕೀಲಿಮಣೆಗೆ ಕೈ ಹಾಕಿದ. ಎರಡು ಸಲ ತಪ್ಪು ಜಾಗದಲ್ಲಿ ಒತ್ತಿದ. ಮೂರನೆಯ ಸಲ ಪರದೆಯ ಮೇಲೆ ಸಾಲು ಮೂಡಿತು: ಪ್ರಭುದೇವ ಅವರು ಪ್ರಭುದೇವ ಅವರನ್ನು ತಡೆದಿದ್ದಾರೆ.

ಜಾರುತ್ತಿದ್ದ ಸಾಲುಗಳು ನಿಂತವು.

ಸಾವಿತ್ರವ್ವ ಎದ್ದು ನಿಂತಿದ್ದರು. "ಹ್ವಾದವೇನ ಹೆಸರು?"

"ಕೆಲವು ಹೋದ್ವು ಅಮ್ಮಾ. ಉಳಿದಿದ್ದು ಇದೆ," ಎಂದಳು ಜವೇರಿಯಾ.

ಹೇಳಿ ಉಸಿರು ಬಿಡುವ ಮೊದಲೇ ಇನ್ನೊಂದು ಸಾಲು ಬಂತು: ಪ್ರಭುದೇವ ಅವರು ಪ್ರಭುದೇವ ಅವರ ಮೇಲಿದ್ದ ತಡೆಯನ್ನು ತೆಗೆದಿದ್ದಾರೆ.

ನಿರ್ವಾಹಕನ ಖಾತೆ ತಾನೇ ಹಾಕಿಕೊಂಡ ತಡೆಯನ್ನು ತಾನೇ ತೆಗೆಯಬಹುದಿತ್ತು. ಮತ್ತೆ ಸಾಲುಗಳು ಜಾರತೊಡಗಿದವು.

ಪ್ರಭುದೇವ ಪರದೆಯನ್ನು ನೋಡಲಿಲ್ಲ. ತಲೆಯೆತ್ತಿ ಮಾಳಿಗೆಯನ್ನು ನೋಡಿದ. ಒಂದೇ ಗಳಿಗೆ. ತಕ್ಷಣ ಕಣ್ಣು ಕೆಳಗಿಳಿಸಿದ. ಆದರೆ ಮೋಸಗಾರರ ಕಣ್ಣು ಎಲ್ಲಿ ಹೋಗುತ್ತದೆಂದು ನೋಡಿ ನೋಡಿಯೇ ಸಂಬಳ ತೆಗೆದುಕೊಳ್ಳುವವಳು ಎದುರಿಗಿದ್ದಳು.

"ನಿಮ್ಮ ಖಾತೆ ಇನ್ನೆಲ್ಲಿ ತೆರೆದಿದೆ?"

ಅವನು ಮತ್ತೆ ಪರದೆಗೆ ಬಾಗಿದ.

"ಪ್ರಭುದೇವ ಅವರೇ. ಊರುಗಳು ಹೋಗ್ತಿವೆ."

"ಮ್ಯಾಲಿನ ಕಂಪ್ಯೂಟರ್‌ನಾಗ," ಎಂದ. "ಆದ್ರೆ ಆಕಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಕೋಶ ಅಂದ್ರನ ಆಕಿಗೆ ಅಷ್ಟಕ್ಕಷ್ಟ."

"ಇಂಟರ್ನೆಟ್ ಡಬ್ಬಿ ಎಲ್ಲಿದೆ?"

ಅವನು ಮೆಟ್ಟಿಲ ಕಡೆ ನೋಡಿದ. ಹೇಳಿದರೆ ಹೆಂಡತಿಯನ್ನು ಹಿಡಿದುಕೊಟ್ಟಂತೆ.

"ನೆಟ್ಟಿನ ಡಬ್ಬಿಯೇನು?" ಎಂದರು ಸಾವಿತ್ರವ್ವ. "ಮುಂಬಾಗಲದ ಪಕ್ಕದ ಕಪಾಟಿನ್ಯಾಗ ಅದ. ನಾ ಅಲ್ಲೇ ಉಳ್ಳಾಗಡ್ಡಿ ಇಟ್ಟೀನಿ, ಸರಿಸು."

ಜವೇರಿಯಾ ಓಡಿದಳು. ಕರೆಂಟು ಮೀಟರುಗಳ ಕಿರಿದಾದ ಕಪಾಟು. ಈರುಳ್ಳಿಯ ಬಲೆಚೀಲ ಪಕ್ಕಕ್ಕೆ ತಳ್ಳಿದಳು. ಹಸಿರು ದೀಪ ಮಿಣುಕುತ್ತಿದ್ದ ಬಿಳಿ ಡಬ್ಬಿಯ ಹಿಂದೆ ಕೈಹಾಕಿ, ಸಿಕ್ಕ ತಂತಿ ಹಿಡಿದು ಕಿತ್ತಳು.

ದೀಪ ಆರಿತು.

ಒಂದು ಕೈಯಲ್ಲಿ ತಂತಿ. ಇನ್ನೊಂದು ಕೈಯಲ್ಲಿ ಫೋನ್, ಅದು ಮನೆಯ ಇಂಟರ್ನೆಟ್‌ನ ಹಂಗಿಲ್ಲದೆ ನಡೆಯುತ್ತಿತ್ತು. ಅವಳು ಬದಲಾವಣೆಗಳ ಸಾಲನ್ನು ಮತ್ತೆ ತೆರೆದಳು. ಕೊನೆಯ ಊರು ಮುದ್ದಯ್ಯನಪಾಳ್ಯ. ಮತ್ತೆ ತೆರೆದಳು. ಮುದ್ದಯ್ಯನಪಾಳ್ಯವೇ. ಇನ್ನೊಮ್ಮೆ. ಅದೇ.

ನಿಂತಿತ್ತು. ಈ ಮನೆಯೊಳಗಿನ ಕೈಯೇ.

ಮೇಲೆ ಬಾಗಿಲು ತೆರೆಯಿತು. ಕಡಿದಾದ ಮೆಟ್ಟಿಲಿನ ತುದಿಯಲ್ಲಿ ವೈಶಾಲಿ ಬಂದು ನಿಂತಳು. ಕೊರಳಿಗೆ ಇಳಿಬಿದ್ದ ಹೆಡ್‌ಫೋನ್, ಕಾಲಿಗೆ ಉಣ್ಣೆಯ ಕಾಲುಚೀಲ. ಓಡಿಹೋಗುವವಳಂತೆ ಕಾಣಲಿಲ್ಲ. ಬಹಳ ದಿನದಿಂದ ನಿದ್ದೆಗೆಟ್ಟವಳಂತೆ ಕಂಡಳು.

"ವೈಶಾಲಿ," ಎಂದ ಪ್ರಭುದೇವ, ಊಟದ ಕೋಣೆಯ ಬಾಗಿಲಿನಿಂದ. "ಏನ ಮಾಡಾಕತ್ತೀ ನೀ?"

ಅವಳು ಗಂಡನ ಕಡೆ ನೋಡಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು, ಅರ್ಧದಲ್ಲಿ ಕೂತಳು.

"ನಿಮ್ಮ ಮಾತೆಲ್ಲ ಕೇಳಿಸ್ತು," ಎಂದಳು ಜವೇರಿಯಾಗೆ. "ಚೆನ್ನಾಗಿ ಮಾತಾಡಿದ್ರಿ. ಇವರು ಮನಸ್ಸು ಬದಲಾಯಿಸಿದ್ದಕ್ಕೇ ಸಂಜೆವರ್ಗೂ ಕಾಯೋಕಾಗ್ಲಿಲ್ಲ ನನಗೆ."

"ಎಷ್ಟು ಕೊಟ್ರು ಆ ಗುತ್ತಿಗೆ ಕಂಪನಿಯವರು?"

ವೈಶಾಲಿ ನಕ್ಕಳು. ನಗುವಿನಲ್ಲಿ ಸದ್ದಿರಲಿಲ್ಲ.

"ಬಿಳಿಗಲ್ಲೂರು ಹೋಯ್ತಾ?"

"ಇಲ್ಲ. ಉಳೀತು."

"ಸ್ಕ್ರಿಪ್ಟು ಕಡೇ ಊರಿಂದ ಹಿಂದಕ್ಕೆ ಬರ್ತಿತ್ತು, ಅದರ ಸರದಿ ಬರ್ಲಿಲ್ಲ." ಅವಳು ಕಣ್ಣು ಮುಚ್ಚಿದಳು. ಆ ಮುಖದಲ್ಲಿ ಸೋತವಳ ಸಿಟ್ಟಿರಬೇಕೆಂದು ಜವೇರಿಯಾ ಕಾದಳು. ಅಲ್ಲಿದ್ದದ್ದು ಹೆದರಿಕೆ.

"ನನಗ್ಯಾವ ಕಂಪನಿನೂ ಗೊತ್ತಿಲ್ಲ. ನನಗೆ ಗೊತ್ತಿರೋದು ಅಕೀಲಾ ಒಬ್ಬಳು. ನನಗೆ ಕೋಡ್ ಬರತ್ತೆ ಅಂತ ಅವಳೇ ಬಂದು ಸ್ಕ್ರಿಪ್ಟ್ ಬರೆಸಿಕೊಂಡ್ಲು. ಎಲ್ಲಾ ಹೆಸರೂ ಹೋಗಬೇಕು, ಒಂದೇ ಊರಿನದು ತೆಗೆದ್ರೆ ಯಾವ ಊರು ಅಂತ ಎಲ್ಲರಿಗೂ ಗೊತ್ತಾಗತ್ತೆ ಅಂತ ಲೆಕ್ಕ ಹಾಕಿದ್ದು ಅವಳು. ಭಾನುವಾರದ ಉಪಾಯ ಅವಳದು. ಶಿಕ್ಷೆ ತನಗೇ ಬರ್ಲಿ ಅಂತ ಅಂದಿದ್ದೂ ಅವಳೇ."

"ಸುಳ್ಳು," ಎಂದಳು ಜವೇರಿಯಾ. ಬೆಳಗಿನಿಂದ ತನ್ನ ಮುಖ ನೋಡದೇ ಕೂತಿದ್ದ ಹುಡುಗಿಯನ್ನು ನೆನೆದು, ಹೇಳಿದ ಮಾತಿಗೆ ಬಲ ಸಾಲದು ಅನ್ನಿಸಿತು.

"ಬಿಳಿಗಲ್ಲೂರಿನ ಹೆಸರು ಇವತ್ತು ರಾತ್ರಿ ಒಳಗೆ ಹೋಗದಿದ್ರೆ ಅದನ್ನ ಬರೆಸಿದವರ ಹೆಣ ಬೀಳತ್ತೆ ಅಂತ ಅವಳಿಗೆ ಫೋನ್ ಬಂದಿದೆ. ಬರೆಸಿದವರು ಯಾರು ಅಂತ ನಿಮಗೆ ಗೊತ್ತಲ್ಲ. ಅವರೇ ನಿಮ್ಮನ್ನ ಇಲ್ಲಿಗೆ ಕಳ್ಸಿರೋದು."

ಸಾವಿತ್ರವ್ವ ಗೋಡೆ ಹಿಡಿದುಕೊಂಡರು.

ಜವೇರಿಯಾಳ ಕೈಯಲ್ಲಿ ಕಿತ್ತ ತಂತಿ ಇನ್ನೂ ಹಾಗೇ ಇತ್ತು. ಮತ್ತೆ ಡಬ್ಬಿಗೆ ಚುಚ್ಚಿದರೆ ಹಾಲಪ್ಪ ಇನ್ನೊಮ್ಮೆ ಸಾಯುತ್ತಾನೆ. ಚುಚ್ಚದಿದ್ದರೆ ರಾಜಮ್ಮ.

ವೈಶಾಲಿ ಮೆಟ್ಟಿಲಿನಿಂದ ಕೈ ಚಾಚಿದಳು.

"ಕೊಡಿ ಇಲ್ಲಿ."